3 ಎಕರೆ 20 ಗುಂಟೆ ಮತ್ತು ಎಐ ಏಜೆಂಟ್

“ಇವತ್ತ ತೊಗರಿ ರೇಟ್ ಎಷ್ಟದರಿ?” ಎಂದು ಕಲಬುರಗಿ ಜಿಲ್ಲೆಯ ಆಳಂದದ ರೈತರೊಬ್ಬರು ಮೊಬೈಲಿನಲ್ಲಿ ಎಐ ಏಜೆಂಟನ್ನು ಕೇಳಿದರು ಎಂದಿಟ್ಟುಕೊಳ್ಳಿ. ಏಜೆಂಟಿನ ಒಳಗಿರುವ ಭಾಷಾ ಮಾದರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಅದು ಕಲಿತು ಮುಗಿಸಿದ್ದು ಎಂದೋ, ದರ ಬದಲಾಗುವುದು ದಿನಾ. ಹಾಗಾಗಿ ಅದು ಹೊರಗಿನ ಒಂದು ಚಿಕ್ಕ ಪ್ರೋಗ್ರಾಮಿನ ನೆರವು ಪಡೆಯಬೇಕು. ಇಂಥ ಪ್ರೋಗ್ರಾಮನ್ನು ಟೂಲ್ ಎನ್ನುತ್ತಾರೆ. ಮಾರುಕಟ್ಟೆ ದರ ತರಲು ಒಂದು ಟೂಲ್, ಮಳೆಯ ವಿವರಕ್ಕೆ ಇನ್ನೊಂದು, ಪಹಣಿ ನೋಡಲು ಮತ್ತೊಂದು.

ಭಾಷಾ ಮಾದರಿ ಟೂಲನ್ನು ತಾನೇ ಓಡಿಸುವುದಿಲ್ಲ. ಯಾವ ಟೂಲ್ ಬೇಕು, ಅದಕ್ಕೆ ಏನೇನು ಮಾಹಿತಿ ಕೊಡಬೇಕು ಎಂದು ನಿಗದಿತ ರೀತಿಯಲ್ಲಿ ಬರೆದುಕೊಡುತ್ತದೆ. ಇನ್ನೊಂದು ತಂತ್ರಾಂಶ ಅದನ್ನು ಓಡಿಸಿ ಸಿಕ್ಕ ಉತ್ತರವನ್ನು ಮಾದರಿಗೆ ಮರಳಿಸುತ್ತದೆ. ಎಐ ಕಂಪನಿ ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಮಾದರಿಗಳಿಗೆ ಈ ಸೌಲಭ್ಯ ಕೊಟ್ಟಿತು. ಯಾರ ಟೂಲನ್ನು ಯಾರ ಏಜೆಂಟ್ ಬೇಕಾದರೂ ಬಳಸುವಂತಾಗಲಿ ಎಂದು ಇನ್ನೊಂದು ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನಕವನ್ನು ಹೊರತಂದಿತು. ಎರಡರಲ್ಲೂ ಮಾದರಿಯ ಕಣ್ಣಿಗೆ ಬೀಳುವುದು ಟೂಲಿನ ಹೆಸರು, ಅದರ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. ಒಳಗಿನ ಕೋಡ್ ಕಾಣುವುದಿಲ್ಲ. ಕೋಡ್ ಎಷ್ಟೇ ಅಚ್ಚುಕಟ್ಟಾಗಿರಲಿ, ವಿವರಣೆ ಮಸುಕಾಗಿದ್ದರೆ ರೈತರಿಗೆ ತಲುಪುವುದು ತಪ್ಪು ಉತ್ತರ.

ದರದ ಟೂಲಿಗೆ “ಬೆಲೆ ತಿಳಿಸುತ್ತದೆ” ಎಂದಷ್ಟೇ ಬರೆದರೆ ಏನಾಗುತ್ತದೆ ನೋಡಿ. ಯಾವ ಬೆಲೆ? 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಎಪಿಎಂಸಿ ಹರಾಜಿನ ದರವೇ ಬೇರೆ, ಅದರಲ್ಲೂ ಕನಿಷ್ಠ, ಗರಿಷ್ಠ ಎಂದಿದೆ. ಇನ್ನು 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಗುಲ್ಬರ್ಗಾ ತೊಗರಿ ಬೇಳೆ ಕಿಲೋ ಲೆಕ್ಕದಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಸರಕು. ರೈತರು ಮಾರುವುದು ಬೇಳೆಯನ್ನಲ್ಲ, ಕಾಳನ್ನು. ಇಷ್ಟೂ ಗೊಂದಲ ನೀಗಲು ಐದು ಸಾಲು ಸಾಕು:

“ಒಂದು ಎಪಿಎಂಸಿಯಲ್ಲಿ ಒಂದು ದಿನದ ಹರಾಜಿನ ಕನಿಷ್ಠ ಮತ್ತು ಗರಿಷ್ಠ ದರವನ್ನು ಕ್ವಿಂಟಲಿಗೆ ಇಷ್ಟು ರೂಪಾಯಿ ಎಂದು ಕೊಡುತ್ತದೆ. ಇದು ಕಾಳಿನ ದರ, ಬೇಳೆಯದಲ್ಲ. ಬೆಂಬಲ ಬೆಲೆಗೆ ಈ ಟೂಲ್ ಬಳಸಬೇಡಿ. ಹರಾಜು ನಡೆಯದ ದಿನ ‘ವಹಿವಾಟು ಇಲ್ಲ’ ಎಂಬ ಉತ್ತರ ಬರುತ್ತದೆ. ಹಿಂದಿನ ದರ ಹೇಳುವುದಾದರೆ ಅದರ ದಿನಾಂಕವನ್ನೂ ಹೇಳಿ.”

ಕೊನೆಯ ಎರಡು ಸಾಲುಗಳನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಮಾರುಕಟ್ಟೆಗೆ ರಜೆ ಇದ್ದ ದಿನ ಟೂಲ್ ಸುಮ್ಮನೆ ಸೊನ್ನೆ ಕೊಟ್ಟರೆ, ದರ ನೆಲಕಚ್ಚಿದೆ ಎಂದು ಏಜೆಂಟ್ ತಿಳಿಯಬಹುದು. ಟೂಲ್ ಏನು ಮಾಡುವುದಿಲ್ಲ, ಬರಿಗೈಲಿ ಬಂದರೆ ಅದರ ಅರ್ಥವೇನು ಎಂಬುದು ನನ್ನ ಪ್ರಕಾರ ವಿವರಣೆಯ ಅತಿ ಮುಖ್ಯ ಭಾಗ.

ಊರಿನ ಹೆಸರೂ ಹೀಗೇ ದಾರಿ ತಪ್ಪಿಸುತ್ತದೆ. ಆಳಂದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹವಾಮಾನದ ಟೂಲಿಗೆ ಕೊಟ್ಟರೆ, ಹೆಚ್ಚುಕಡಿಮೆ ಅದೇ ಕಾಗುಣಿತದ ಇನ್ನೊಂದು ಜಾಗ ಸಿಗಬಹುದು: ಬಾಲ್ಟಿಕ್ ಸಮುದ್ರದಲ್ಲಿರುವ, ಫಿನ್‌ಲ್ಯಾಂಡಿಗೆ ಸೇರಿದ ದ್ವೀಪಗಳು. ನಮ್ಮ ಆಳಂದ 17.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ, ಆ ದ್ವೀಪಗಳು 60 ಡಿಗ್ರಿಯಲ್ಲಿ. ಇದೇ ಜಿಲ್ಲೆಯ ಜೇವರ್ಗಿಯನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು, ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಗುಲ್ಬರ್ಗಾ ಎಂದೇ ಇದೆ. ತಾಲ್ಲೂಕಿನ ಜೊತೆಗೆ ಜಿಲ್ಲೆ, ರಾಜ್ಯ ಎರಡನ್ನೂ ಕಡ್ಡಾಯವಾಗಿ ಕೊಡಬೇಕು, ಒಂದಕ್ಕಿಂತ ಹೆಚ್ಚು ಊರು ಸಿಕ್ಕರೆ ಬಳಕೆದಾರರನ್ನೇ ಕೇಳಬೇಕು ಎಂದು ವಿವರಣೆಯಲ್ಲಿ ಬರೆದರೆ ತೊಂದರೆ ಬಹುಪಾಲು ತಪ್ಪುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಪಹಣಿಯ ವಿಚಾರ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅವುಗಳಲ್ಲಿ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕೆ ಇರುತ್ತದೆ. 3.20 ಎಂದರೆ 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಇದು ಮೂರೂವರೆ ಎಕರೆ. ಆದರೆ ಕಂಪ್ಯೂಟರಿಗೆ ಆ ಚುಕ್ಕೆ ದಶಮಾಂಶದ ಚುಕ್ಕೆ. ಅದರ ಲೆಕ್ಕದಲ್ಲಿ 3.2 ಎಕರೆ, ಅಂದರೆ 3 ಎಕರೆ 8 ಗುಂಟೆ. ಹೊಲದಲ್ಲಿ 12 ಗುಂಟೆ ಮಾಯ! ಬೀಜ, ಗೊಬ್ಬರ, ಬೆಳೆ ವಿಮೆಯ ಕಂತು, ಪರಿಹಾರ ಎಲ್ಲದರ ಲೆಕ್ಕವೂ ಈ ಅಂಕಿಯ ಮೇಲೆಯೇ ನಿಲ್ಲುತ್ತದೆ. ಎಲ್ಲೂ ದೋಷದ ಸೂಚನೆ ಬರುವುದಿಲ್ಲ, ಉತ್ತರವೂ ಸಹಜವಾಗಿಯೇ ಕಾಣುತ್ತದೆ.

ಪರಿಹಾರ ಸರಳ. ಎಕರೆಗೆ ಒಂದು ಅಂಕಣ, ಗುಂಟೆಗೆ ಇನ್ನೊಂದು. “ಗುಂಟೆ: 0ರಿಂದ 39ರವರೆಗೆ ಪೂರ್ಣಾಂಕ, 40 ಗುಂಟೆಗೆ 1 ಎಕರೆ, ಪಹಣಿಯ 3.20 ಎಂಬುದನ್ನು ಎಕರೆ 3, ಗುಂಟೆ 20 ಎಂದು ಓದಿ” ಎಂಬ ವಿವರಣೆ. ಹೀಗೆ ಉದಾಹರಣೆ ಸಮೇತ ಬರೆದರೆ ಮಾದರಿ ಎಡವುವುದು ಬಹಳ ಕಡಿಮೆ. 39ರ ಮಿತಿ ಹಾಕಿದ್ದರೆ 3.45ರಂಥ ಅಸಾಧ್ಯ ಅಂಕಿಯನ್ನು ಟೂಲೇ ತಿರಸ್ಕರಿಸುತ್ತದೆ.

ಮಾಹಿತಿ ಓದುವ ಟೂಲ್ ಬೇರೆ, ಅರ್ಜಿ ಸಲ್ಲಿಸುವ ಟೂಲ್ ಬೇರೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ 24 ಮಾತ್ರ ಸರಿಯಿದ್ದವು ಎಂದು ಚುನಾವಣಾ ಆಯೋಗವೇ ತಿಳಿಸಿತು. ಅದನ್ನು ಎಐ ಮಾಡಿತೆಂದು ನಾನು ಹೇಳುತ್ತಿಲ್ಲ. ಆನ್‌ಲೈನ್ ಅರ್ಜಿ ಸಲ್ಲಿಸುವುದು ಎಷ್ಟು ಸಲೀಸು, ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಈ ತಾಲ್ಲೂಕು ಕಂಡಿದೆ. ಇಂಥ ಟೂಲಿನ ವಿವರಣೆಯಲ್ಲಿ “ಇದು ಸರ್ಕಾರಿ ದಾಖಲೆ ಬದಲಿಸುವ ಅರ್ಜಿ, ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಸಲ್ಲಿಸಬೇಡಿ” ಎಂದಿರಲೇಬೇಕು. ಬರಹವೊಂದೇ ಸಾಲದು, ಒಪ್ಪಿಗೆ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗದಂತೆ ಕೋಡಿನಲ್ಲೂ ತಡೆ ಬೇಕು.

ಹಾಗೆಂದು ಪುಟಗಟ್ಟಲೆ ಬರೆಯುವುದೂ ಸಲ್ಲ. ಮಾತುಕತೆಯ ಉದ್ದಕ್ಕೂ ಮಾದರಿ ಸಾಮಾನ್ಯವಾಗಿ ಎಲ್ಲ ಟೂಲುಗಳ ವಿವರಣೆಯನ್ನೂ ಹೊತ್ತುಕೊಂಡಿರುತ್ತದೆ. ಅದು ಬೆಳೆದಷ್ಟೂ ಖರ್ಚು ಹೆಚ್ಚು, ಗಮನ ಚದುರುವುದೂ ಹೆಚ್ಚು. ಬರೆದ ಮೇಲೆ ಜನ ಕೇಳುವ ಧಾಟಿಯಲ್ಲೇ ಹತ್ತಾರು ಪ್ರಶ್ನೆ ಕೇಳಿ, ಏಜೆಂಟ್ ಯಾವ ಟೂಲ್ ಆರಿಸಿತು, ಏನು ಮಾಹಿತಿ ಕೊಟ್ಟಿತು ಎಂದು ನೋಡಬೇಕು. ತಪ್ಪಿದಲ್ಲೆಲ್ಲ ಮೊದಲು ತಿದ್ದಬೇಕಾದದ್ದು ವಿವರಣೆಯನ್ನು.

ಗುಂಟೆಯ ಚುಕ್ಕೆ, ಹರಾಜಿನ ರಜೆ, ಕಾಳು-ಬೇಳೆಯ ವ್ಯತ್ಯಾಸ ದೂರದ ನಗರದ ಪ್ರೋಗ್ರಾಮರಿಗೆ ತಿಳಿದಿರುವುದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಅಲ್ಲಿನ, ಕಲಬುರಗಿಯ ಕಾಲೇಜುಗಳ ವಿದ್ಯಾರ್ಥಿಗಳೇ, ಮುಂದಿನ ಪ್ರಾಜೆಕ್ಟಿಗೆ ಟೂಲ್ ಕಟ್ಟುವಾಗ ಅದರ ವಿವರಣೆಯನ್ನು ರೈತ ಸಂಪರ್ಕ ಕೇಂದ್ರದವರಿಗೆ, ಗ್ರಾಮ ಆಡಳಿತ ಅಧಿಕಾರಿಗೆ, ಅಡತಿ ಅಂಗಡಿಯವರಿಗೆ ಒಮ್ಮೆ ಓದಿ ಹೇಳಿ. ಅವರು ತಿದ್ದಿದ್ದನ್ನು ಹಾಗೆಯೇ ಬರೆದುಕೊಳ್ಳಿ.