ಕಾಣದ ಕೈಗಳ ವಿಸ್ಮಯ

ರಸಗಳನ್ನು ಎಣಿಸಿದ ಭರತಮುನಿ ಅದ್ಭುತಕ್ಕೂ ಒಂದು ಮಣೆ ಹಾಕಿ, ಅದರ ಸ್ಥಾಯಿಭಾವ ವಿಸ್ಮಯವೆಂದ. ವಿಸ್ಮಯವನ್ನು ಹುಟ್ಟಿಸುವುದು ಕವಿಗೆ ಅಷ್ಟೇನೂ ಕಷ್ಟವಲ್ಲ. ಆಕಾಶದಲ್ಲಿ ಪುರವೊಂದು ತೇಲುತ್ತಿತ್ತೆಂದು ಅವನು ಬರೆದರೆ ಸಾಕು. ಉಳಿದುದನ್ನು ಓದುವವನ ಮನಸ್ಸೇ ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ತೋರಿಸುತ್ತೇನೆಂದು ಹೊರಟವನ ಪಾಡು ಬೇರೆ. ಆ ಪುರಕ್ಕೆ ಎಷ್ಟು ಬಾಗಿಲು, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೆರಳು ಎಲ್ಲಿ ಚಾಚುತ್ತದೆ ಎಂಬುದಕ್ಕೆಲ್ಲ ಅವನು ಉತ್ತರ ಹೇಳಬೇಕು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೇ ತಂದು ಆ ಉತ್ತರ ಹೇಳಿದರು. 1977ರ ‘ಬಭ್ರುವಾಹನ’ ಚಿತ್ರದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ರಾಜಕುಮಾರರನ್ನು ತಂದೆಯನ್ನಾಗಿಯೂ ಮಗನನ್ನಾಗಿಯೂ ಎದುರುಬದುರು ನಿಲ್ಲಿಸಿದರು; ಅದು ಛಾಯಾಗ್ರಹಣದ ಜಾಣ್ಮೆ. ಇಂದು ಆ ಹೊರೆ ಗಣಕಯಂತ್ರದ ಮುಂದೆ ಕುಳಿತವನ ಹೆಗಲಿಗೆ ಬಂದಿದೆ. ಜನ ಅದನ್ನು ‘ಗ್ರಾಫಿಕ್ಸ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತಿನ ಹಿಂದಿರುವ ಮನುಷ್ಯನನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಈ ವೃತ್ತಿಯ ಚರಿತ್ರೆಯಲ್ಲಿ ನೆನೆಯಬೇಕಾದ ಹೆಸರುಗಳಲ್ಲಿ ರಾನ್ ಥಾರ್ನ್‌ಟನ್‌ನದು ಒಂದು. ಇಂಗ್ಲೆಂಡಿನಲ್ಲಿ 1956ರಲ್ಲಿ ಹುಟ್ಟಿದ ಈತ ‘ಡಾಕ್ಟರ್ ಹೂ’, ‘ಬ್ಲೇಕ್ಸ್ ಸೆವೆನ್’ ಎಂಬ ಬಿ.ಬಿ.ಸಿ.ಯ ವಿಜ್ಞಾನಕಥಾ ಧಾರಾವಾಹಿಗಳಲ್ಲಿ ದುಡಿದು ಕೆಲಸ ಕಲಿತವನು. ಆಗ ಅಂತರಿಕ್ಷನೌಕೆಯೆಂದರೆ ಕೈಯಿಂದ ಮಾಡಿ, ಬಣ್ಣ ಬಳಿದು, ದಾರದಲ್ಲೋ ಕಂಬಿಯಲ್ಲೋ ನಿಲ್ಲಿಸಿದ ಪುಟ್ಟ ಮಾದರಿ. ಮುಂದೆ ಅಮೆರಿಕದಲ್ಲಿ ಅವನು ‘ಫೌಂಡೇಶನ್ ಇಮೇಜಿಂಗ್’ ಎಂಬ ಕಾರ್ಯಾಗಾರವನ್ನು ಸಂಗಡಿಗರೊಡನೆ ಕಟ್ಟಿದ. ‘ಬ್ಯಾಬಿಲನ್ 5’ ಎಂಬ ಧಾರಾವಾಹಿಗೆ ಐದು ಮೈಲಿ ಉದ್ದದ ಅಂತರಿಕ್ಷ ನಿಲ್ದಾಣವೊಂದು ಬೇಕಾಗಿತ್ತು, ಹಣವೋ ಅಲ್ಪ. ಗೃಹಸ್ಥನೂ ಕೊಳ್ಳಬಹುದಾದಂಥ ಅಮಿಗಾ ಗಣಕಯಂತ್ರಗಳಲ್ಲಿ ಥಾರ್ನ್‌ಟನ್‌ನ ತಂಡ ಆ ನಿಲ್ದಾಣವನ್ನು ಕಟ್ಟಿತು. 1993ರ ಫೆಬ್ರವರಿಯಲ್ಲಿ ಮೊದಲ ಕಥೆ ಪ್ರಸಾರವಾಯಿತು. ಅದೇ ವರ್ಷ ಅದರ ದೃಶ್ಯಚಮತ್ಕಾರಕ್ಕೆ ಎಮ್ಮಿ ಪ್ರಶಸ್ತಿಯೂ ಬಂದಿತು. ವಾರವಾರವೂ ಬರುವ ಧಾರಾವಾಹಿಯೊಂದು ಮಾದರಿಗಳನ್ನು ಬಿಟ್ಟು ಗಣಕಯಂತ್ರವನ್ನೇ ನೆಚ್ಚಿ ನಿಲ್ಲಬಹುದೆಂಬುದು ಅಲ್ಲಿ ಸಿದ್ಧವಾಯಿತು.

ಅದಕ್ಕಿಂತ ದೊಡ್ಡದಾಗಿ ನನಗೆ ತೋರುವುದು ಬೇರೊಂದು. ಸಿನಿಮಾದ ಅಂತರಿಕ್ಷನೌಕೆಗಳು ಸಾಮಾನ್ಯವಾಗಿ ವಿಮಾನದಂತೆ ಓರೆಯಾಗಿ ಬಾಗಿ ತಿರುಗುತ್ತವೆ. ವಿಮಾನ ಹಾಗೆ ಬಾಗುವುದು ರೆಕ್ಕೆಗೆ ಗಾಳಿಯ ಆಸರೆ ಇರುವುದರಿಂದ. ಗಾಳಿಯೇ ಇಲ್ಲದೆಡೆ ಆ ಆಸರೆ ಎಲ್ಲಿಯದು? ‘ಬ್ಯಾಬಿಲನ್ 5’ರ ‘ಸ್ಟಾರ್‌ಫ್ಯೂರಿ’ ಎಂಬ ಪುಟ್ಟ ಯುದ್ಧನೌಕೆ ನಾಲ್ಕು ತೋಳುಗಳ ತುದಿಯಲ್ಲಿ ಎಂಜಿನುಗಳನ್ನು ಹೊತ್ತಿದೆ. ಅದು ಮುಂದಕ್ಕೆ ಸಾಗುತ್ತಿರುವಂತೆಯೇ ಮೂತಿಯನ್ನು ಹಿಂದಕ್ಕೆ ತಿರುಗಿಸಿ ಬೆನ್ನಟ್ಟಿದವನನ್ನು ಎದುರಿಸಬಲ್ಲದು. ನ್ಯೂಟನ್ನನ ಚಲನನಿಯಮವನ್ನು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಕಣ್ಣಾರೆ ತೋರಿಸಬಲ್ಲ ದೃಶ್ಯ ಅದು. ಕಲ್ಪನೆ ಸತ್ಯಕ್ಕೆ ತಲೆಬಾಗಿದಾಗ ವಿಸ್ಮಯ ಕುಗ್ಗುವುದಿಲ್ಲ, ಹಿಗ್ಗುತ್ತದೆ.

ಇಷ್ಟೆಲ್ಲ ಸಾಧಿಸಿದ ಆ ಕಾರ್ಯಾಗಾರ 2002ರಲ್ಲಿ ಮುಚ್ಚಿತು. ಥಾರ್ನ್‌ಟನ್ 2016ರಲ್ಲಿ ತೀರಿಕೊಂಡ. ಈ ಕಲೆಯ ಒಂದು ಮುಖ ಕೀರ್ತಿಯಾದರೆ ಇನ್ನೊಂದು ಮುಖ ಅನಿಶ್ಚಯ. ಅದನ್ನು ಅರಿಯಲು ನಾವು ಕಡಲು ದಾಟಬೇಕಾಗಿಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ರಾಜಘಟ್ಟದಿಂದ ಬೆಂಗಳೂರಿಗೆ ದುಡಿಯಲು ಹೋಗುವ ತರುಣರಲ್ಲಿ ಒಬ್ಬ ಈ ಕಸುಬಿನವನು. ನನ್ನ ಹಳೆಯ ವಿದ್ಯಾರ್ಥಿ. ಅವನ ತಂದೆ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ದುಡಿದವರು. ನಟನ ಹಿಂದಿನ ಹಸಿರು ಪರದೆಯನ್ನು, ಆ ಮಂದಿಯ ಮಾತಿನಲ್ಲಿ ‘ಗ್ರೀನ್ ಮ್ಯಾಟ್’ ಅನ್ನು, ಅಳಿಸಿ ಅಲ್ಲಿ ಬೇರೊಂದು ಲೋಕವನ್ನು ಕೂರಿಸುವ ಮೊದಲು ನಟನ ಅಂಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಬಿಡಿಸಬೇಕು. ಅದಕ್ಕೆ ‘ರೋಟೊ’ ಎನ್ನುತ್ತಾರೆ. ಒಂದು ಸೆಕೆಂಡಿಗೆ 24 ಚಿತ್ರಗಳು. ನಾವು ಆಕಳಿಸುತ್ತ ನೋಡಿ ಮರೆಯುವ ಹತ್ತು ಸೆಕೆಂಡಿನ ದೃಶ್ಯಕ್ಕೆ 240. ಇದರಲ್ಲಿ ನಿನ್ನ ಕೈಚಳಕ ಯಾವುದಪ್ಪಾ ಎಂದು ಒಮ್ಮೆ ಕೇಳಿದೆ. “ಅದು ನಿಮ್ಮ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ, ಮೇಷ್ಟ್ರೇ. ನಮ್ಮಪ್ಪ ನೇಯ್ದ ಸೀರೆಯಲ್ಲೂ ಎಳೆ ತಪ್ಪಿದ್ದರೆ ತಾನೆ ಜನ ನೋಡುತ್ತಿದ್ದುದು?” ಎಂದ. ಅಲಂಕಾರಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದ ನನಗೆ ಇದಕ್ಕಿಂತ ಅಚ್ಚುಕಟ್ಟಾದ ಕಲಾಮೀಮಾಂಸೆ ದೊರೆತದ್ದು ಅಪರೂಪ.

ಇಂಥ ಕೈಗಳಿಂದ ಬೆಂಗಳೂರು ಹೆಸರು ಪಡೆಯಿತು. ಈ ಉದ್ಯಮಕ್ಕೆಂದೇ 2012ರಲ್ಲಿ ಕರ್ನಾಟಕ ಸರ್ಕಾರ ಒಂದು ನೀತಿಯನ್ನು ರೂಪಿಸಿತು. 2017ರಲ್ಲಿ ‘ದ ಜಂಗಲ್ ಬುಕ್’ ಚಿತ್ರದ ದೃಶ್ಯಚಮತ್ಕಾರಕ್ಕೆ ಆಸ್ಕರ್ ಬಂದಾಗ ವೇದಿಕೆಯ ಮೇಲೆ ಕೇಳಿಬಂದುದು ನಾಲ್ವರ ಹೆಸರು. ಆ ಕಾಡನ್ನು ಬೆಳೆಸಿದವರಲ್ಲಿ ಎಂ.ಪಿ.ಸಿ. ಸಂಸ್ಥೆಯ ಬೆಂಗಳೂರು ಶಾಖೆಯವರೂ ಇದ್ದರು. ಆ ಸಂಸ್ಥೆಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಕಂಪೆನಿ 2025ರ ಫೆಬ್ರವರಿಯಲ್ಲಿ ಕುಸಿದಾಗ ನಮ್ಮ ದೇಶದಲ್ಲಿ ಸಾವಿರಾರು ಮಂದಿಯ ಕೆಲಸ ಕೆಲವೇ ದಿನಗಳಲ್ಲಿ ಹೋಯಿತು. ಅಂಚು ಬಿಡಿಸುವ ಕೆಲಸವನ್ನು ಈಗ ಯಂತ್ರವೇ ಕಲಿಯತೊಡಗಿದೆ. ಕಣ್ಣಿಗೆ ಬೀಳದಿರುವುದು ಕಲೆಯ ಗುಣವಿರಬಹುದು. ಕಲಾವಿದನೂ ಕಣ್ಣಿಗೆ ಬೀಳದೆ ಹೋಗುವುದು ಸಮಾಜದ ದೋಷ.

ರಾಜಘಟ್ಟದ ಹೆಸರು ವಿದ್ವಾಂಸರಿಗೆ ಪರಿಚಿತವಾದುದು ಇಲ್ಲಿಯ ಮಣ್ಣಿನಿಂದ. ಈ ಶತಮಾನದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ನಡೆಸಿದ ಉತ್ಖನನದಲ್ಲಿ ಬೌದ್ಧ ಚೈತ್ಯ, ವಿಹಾರಗಳ ಅವಶೇಷಗಳೊಡನೆ ಜೇಡಿಮಣ್ಣಿನ ಪುಟ್ಟ ಹರಕೆಯ ಸ್ತೂಪಗಳು ರಾಶಿರಾಶಿಯಾಗಿ ದೊರೆತವು. ಅವುಗಳನ್ನು ಅಚ್ಚಿಗೆ ಒತ್ತಿ ತೆಗೆದ ಬೆರಳುಗಳು ಯಾರವೋ ನಾವು ಅರಿಯೆವು. ಸಾವಿರ ವರ್ಷಕ್ಕೂ ಹಿಂದಿನವರ ಹೆಸರು ಅಳಿದುದಕ್ಕೆ ಕಾಲವನ್ನು ದೂರಬಹುದು. ನಮ್ಮ ಕಣ್ಣೆದುರಿಗೇ ದುಡಿಯುವವರ ಹೆಸರು ಅಳಿದರೆ ಯಾರನ್ನು ದೂರೋಣ?

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನಕಥೆಗೆ ದಾರಿ ಮಾಡಿಕೊಟ್ಟಿದ್ದಾರೆ. ಆದರೆ ನಮ್ಮ ಕಿರುತೆರೆ ಪುರಾಣವನ್ನು ನೆಚ್ಚಿದಷ್ಟು ವಿಜ್ಞಾನಕಥೆಯನ್ನು ನೆಚ್ಚಿಲ್ಲ. ಅನ್ಯರ ಕಥೆಗಳಿಗೆ ಗ್ರಹತಾರೆಗಳನ್ನು ನಿರ್ಮಿಸಿಕೊಡುವ ಕೈ ನಮ್ಮಲ್ಲಿದೆ, ಕಥೆಯೂ ಇದೆ. ಇವೆರಡನ್ನೂ ಕೂಡಿಸುವ ಮನಸ್ಸು ನಿರ್ಮಾಪಕರಿಗೆ ಬರಲಿ. ಅದು ಬರುವವರೆಗೆ ನೋಡುವವರಾದ ನಾವು ಮಾಡಬಹುದಾದ ಸಣ್ಣ ಕೆಲಸವೊಂದುಂಟು: ಕಥೆ ಮುಗಿದ ಮೇಲೆ ಪರದೆಯ ಮೇಲೆ ಸಾಲುಸಾಲಾಗಿ ಮೇಲೇರುವ ಆ ಸಣ್ಣಕ್ಷರದ ಹೆಸರುಗಳನ್ನು ಕೊನೆಯವರೆಗೂ ಕುಳಿತು ಓದುವುದು.