ಒಂದೇ ಬೆರಳಿನ ಮೇಲೆ ಓಡುವ ಪ್ರಾಣಿ

ಇಂಗಳೇಶ್ವರ, ಬಸವನಬಾಗೇವಾಡಿ, ಸಿಂದಗಿ, ಇಂಡಿ ಕಡೆಯವರಿಗೆ ಕುದುರೆ ಎಂದರೆ ಮೊದಲು ನೆನಪಾಗುವುದು ವಿಜಯಪುರದ ಟಾಂಗಾ, ಆಮೇಲೆ ಜಾತ್ರೆಯ ಶರ್ಯತ್ತು. ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಎತ್ತಿನ ಗಾಡಿಯಂತೆ ಕುದುರೆ ಗಾಡಿಯನ್ನೂ ಪಂದ್ಯಕ್ಕೆ ಬಿಡುತ್ತಾರೆ. ಎಷ್ಟೋ ಸಲ ಅದು ಡಾಂಬರು ರಸ್ತೆಯ ಮೇಲೆಯೇ ನಡೆಯುತ್ತದೆ.

ನಿಂತ ಕುದುರೆಯ ಮುಂಗಾಲನ್ನು ಒಮ್ಮೆ ಹತ್ತಿರದಿಂದ ನೋಡಿ. ನಾವು ಮೊಣಕಾಲು ಎನ್ನುವ ಗಂಟು ನಿಜವಾಗಿ ಅದರ ಮಣಿಕಟ್ಟು. ಅದರ ಕೆಳಗಿನ ನೀಳ ಎಲುಬು ನಮ್ಮ ಅಂಗೈಯ ಒಂದು ಎಲುಬಿಗೆ ಸಮ. ಗೊರಸು ನಡುಬೆರಳಿನ ಉಗುರು. ಮೊಣಕಾಲಿನಿಂದ ಕೆಳಗೆ ಕೈಯಾಡಿಸಿದರೆ ಮಾಂಸಖಂಡ ಸಿಗುವುದಿಲ್ಲ. ಚರ್ಮ, ಹುರಿಯಂಥ ಸ್ನಾಯುರಜ್ಜು, ಎಲುಬು, ಅಷ್ಟೇ. ರೇಸ್ ಕುದುರೆ ಸುಮಾರು 500 ಕಿಲೋ ತೂಗುತ್ತದೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತದೆ. ಹಾಗೆ ಓಡುವಾಗ ಪ್ರತಿ ನೆಗೆತದಲ್ಲೂ ಒಂದು ಕ್ಷಣ ಒಂದೇ ಮುಂಗಾಲು ನೆಲದ ಮೇಲಿರುತ್ತದೆ. ಆಗ ಅದು ಮೈತೂಕದ ಎರಡು ಪಟ್ಟಿಗೂ ಹೆಚ್ಚಿನ ಭಾರ ಹೊರುತ್ತದೆ. ಎಲುಬು ಮುರಿಯುವುದು ಓಟದ ದಿನವೇ ಆದರೂ, ಕಣ್ಣಿಗೆ ಕಾಣದ ಬಿರುಕುಗಳು ಎಷ್ಟೋ ಸಲ ವಾರಗಳ ಮುಂಚೆಯೇ ಬಿದ್ದಿರುತ್ತವೆ.

ಮುರಿದ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಬಾರದೇ ಎಂದು ಕೇಳುವವರಿದ್ದಾರೆ. ಕುದುರೆ ವಾರಗಟ್ಟಲೆ ಮಲಗಿರಲಾರದು. ನಿಂತರೆ ಭಾರವೆಲ್ಲ ಉಳಿದ ಕಾಲುಗಳ ಮೇಲೆ. ಅಮೆರಿಕದ ಬಾರ್ಬಾರೊ ಎಂಬ ಹೆಸರಾಂತ ಕುದುರೆಯ ಬಲ ಹಿಂಗಾಲು 2006ರ ಮೇ ತಿಂಗಳ ಓಟದಲ್ಲಿ ಮುರಿಯಿತು. ಒಳ್ಳೆಯ ವೈದ್ಯರಿದ್ದರು, ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಭಾರ ಹೊತ್ತ ಎಡಗಾಲಿನ ಗೊರಸಿಗೆ ಉರಿಯೂತ ಬಂತು. ಎಂಟು ತಿಂಗಳ ನರಳಾಟದ ನಂತರ, 2007ರ ಜನವರಿಯಲ್ಲಿ, ಅದಕ್ಕೆ ದಯಾಮರಣ ಕೊಡಬೇಕಾಯಿತು.

ಸವಾರನ ಪಾಡೂ ಕಷ್ಟದ್ದೇ. ಐವತ್ತು ಕಿಲೋ ಆಸುಪಾಸಿನ ಜಾಕಿ ಮುಗ್ಗರಿಸಿದ ಕುದುರೆಯಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ, ಹಿಂದಿನಿಂದ ಉಳಿದ ಕುದುರೆಗಳು ಬರುತ್ತಿರುತ್ತವೆ. ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಕುದುರೆ ಅವನನ್ನು ನೆಲದ ಮೇಲೆ ಎಳೆದೊಯ್ಯುತ್ತದೆ. 2019ರ ನವೆಂಬರ್‌ನಲ್ಲಿ ಬೆಂಗಳೂರು ರೇಸ್ ಕೋರ್ಸ್‌ನಲ್ಲಿ ಓಟದ ನಡುವೆಯೇ ಕುದುರೆಗಳು ಬಿದ್ದು ಜಾಕಿಗಳಿಗೆ ಪೆಟ್ಟಾಯಿತು. ಅಂದಿನ ರೇಸು ನಿಂತಿದ್ದಕ್ಕೆ ಬಾಜಿ ಕಟ್ಟಿದವರು ರೊಚ್ಚಿಗೆದ್ದು ದಾಂಧಲೆ ಮಾಡಿದರು. ಬಿದ್ದವರಿಗಿಂತ ಬಾಜಿಯೇ ಹೆಚ್ಚಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ರೇಸ್ ಕೋರ್ಸ್‌ನಲ್ಲಾದರೆ ಹುಲ್ಲಿನ ನೆಲವಿದೆ, ಹೆಲ್ಮೆಟ್ ಇದೆ, ಎದೆಕವಚವಿದೆ, ಬೆನ್ನಿಗೇ ಆಂಬುಲೆನ್ಸ್ ಓಡುತ್ತದೆ. ನಮ್ಮ ರಸ್ತೆ ಶರ್ಯತ್ತಿನಲ್ಲಿ ಕಬ್ಬಿಣದ ಲಾಳ ಡಾಂಬರಿನ ಮೇಲೆ ಜಾರುತ್ತದೆ. ಪಕ್ಕದಲ್ಲಿ ಹಾರ್ನ್ ಹೊಡೆಯುತ್ತ ಬೈಕುಗಳು, ಎರಡೂ ಬದಿಗೆ ಒತ್ತಿ ನಿಂತ ಜನ, ಅವರ ನಡುವೆ ಮಕ್ಕಳು. ಬೆದರಿದ ಕುದುರೆ ಲಗಾಮಿಗೆ ಬಗ್ಗುವುದಿಲ್ಲ.

ಕುದುರೆ ಸಾಕಿದ ಅಣ್ಣತಮ್ಮಂದಿರಲ್ಲಿ ಒಂದು ಮಾತು. ಡಾಂಬರಿನ ಮೇಲೆ ಓಡಿಸಬೇಡಿ. ದಿನಾ ಮುಂಜಾನೆ ನಾಲ್ಕೂ ಕಾಲು ಮುಟ್ಟಿ ನೋಡಿ. ಒಂದು ಕಾಲು ಉಳಿದವಕ್ಕಿಂತ ಬಿಸಿಯಾಗಿದ್ದರೆ, ಊದಿದ್ದರೆ ಅಂದು ಗಾಡಿ ಹೂಡಬೇಡಿ, ಪಶುವೈದ್ಯರನ್ನು ಕರೆಯಿರಿ.