ಹಳೆಯ ಗೇಮ್ ಕನ್ಸೋಲ್‌ಗಳ ಹೊರಕವಚದ ದುರಸ್ತಿ

ಹಳೆಯ ಗೇಮ್ ಕನ್ಸೋಲ್‌ಗಳ ಹೊರಕವಚದ ದುರಸ್ತಿ ಎಂದರೆ 1980 ಮತ್ತು 1990ರ ದಶಕಗಳ ವಿಡಿಯೋ ಗೇಮ್ ಯಂತ್ರಗಳ ಒಡೆದ, ಬಿರುಕುಬಿಟ್ಟ ಅಥವಾ ಹಳದಿಗಟ್ಟಿದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಸರಿಪಡಿಸುವ ಇಲ್ಲವೇ ಬದಲಿಸುವ ಕೆಲಸ. ಕವಚ ಒಡೆದರೂ ಒಳಗಿನ ಸರ್ಕ್ಯೂಟ್ ಬೋರ್ಡ್ ಅನೇಕ ವೇಳೆ ಸುಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಪೆಟ್ಟಿಗೆ ಒಡೆಯಿತೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಗುಜರಿಗೆ ಹಾಕುವುದು ಸರಿಯಲ್ಲ.

ಹಿನ್ನೆಲೆ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರ ಜುಲೈ 15ರಂದು ಫ್ಯಾಮಿಲಿ ಕಂಪ್ಯೂಟರ್ (ಫ್ಯಾಮಿಕಾಮ್) ಎಂಬ ಕನ್ಸೋಲನ್ನು ಬಿಡುಗಡೆ ಮಾಡಿತು. ಭಾರತದ ಮನೆಗಳಿಗೆ 1990ರ ದಶಕದಲ್ಲಿ ಹೆಚ್ಚಾಗಿ ಬಂದದ್ದು ಮೂಲ ಯಂತ್ರವಲ್ಲ, ಅದರ ಅನುಕರಣೆಗಳು. ಕರ್ನಾಟಕದಲ್ಲಿ ಇವನ್ನು 'ಟಿವಿ ಗೇಮ್' ಅಥವಾ 'ವಿಡಿಯೋ ಗೇಮ್' ಎಂದಷ್ಟೇ ಕರೆಯುತ್ತಿದ್ದರು. ದಸರಾ ಮತ್ತು ಬೇಸಿಗೆ ರಜೆಗಳಲ್ಲಿ ಅನೇಕ ಕೈಗಳನ್ನು ದಾಟಿದ ಈ ಪೆಟ್ಟಿಗೆಗಳು ಒಡೆದುದರಲ್ಲಿ ಆಶ್ಚರ್ಯವಿಲ್ಲ.

ಬದಲಿಸುವುದೋ, ಬೆಸೆಯುವುದೋ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. 1989ರ ಗೇಮ್ ಬಾಯ್‌ನಂತಹ ಪ್ರಸಿದ್ಧ ಯಂತ್ರಗಳಿಗೆ ಇತರ ತಯಾರಕರ ಹೊಸ ಕವಚಗಳು ಇಂದಿಗೂ ದೊರೆಯುತ್ತವೆ. ಅನುಕರಣೆಯ ಯಂತ್ರಗಳು ಬಗೆಬಗೆಯ ಅಚ್ಚುಗಳಲ್ಲಿ ತಯಾರಾದವು. ಒಂದರ ಕವಚ ಇನ್ನೊಂದಕ್ಕೆ ಹೊಂದುವ ಭರವಸೆಯಿಲ್ಲ. ಹೀಗಾಗಿ ನಮ್ಮಲ್ಲಿ ಉಳಿದಿರುವ ಯಂತ್ರಗಳ ಮಟ್ಟಿಗೆ ಒಡೆದ ಚೂರುಗಳೇ ಅಮೂಲ್ಯ. ಅವನ್ನು ಒಂದೂ ಬಿಡದೆ ಆಯ್ದಿಡಬೇಕು.

ಬಿಚ್ಚುವ ಕ್ರಮ

ಅಡಾಪ್ಟರ್, ಕ್ಯಾಸೆಟ್ ಮತ್ತು ಬ್ಯಾಟರಿಗಳನ್ನು ಮೊದಲು ತೆಗೆಯಬೇಕು. ಫ್ಯಾಮಿಕಾಮ್‌ಗೆ ಸಾಮಾನ್ಯ ಸ್ಕ್ರೂಡ್ರೈವರ್ ಸಾಕು. ಗೇಮ್ ಬಾಯ್‌ನ ಹೊರಭಾಗಕ್ಕೆ ಮೂರು ರೆಕ್ಕೆಯ ತುದಿಯದು ಬೇಕು. ಸೂಪರ್ ನಿಂಟೆಂಡೊಗೆ 4.5 ಮಿಲಿಮೀಟರಿನ ವಿಶೇಷ ತುದಿ ಅಗತ್ಯ. ಬಾಗೂರಿನಂತಹ ಹೋಬಳಿ ಕೇಂದ್ರದಲ್ಲಿ ಇಂತಹ ಉಪಕರಣ ದೊರೆಯದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು. ಚಾಕುವಿನಿಂದ ಮೀಟಿ ತೆರೆಯುವ ಅಭ್ಯಾಸವೇ ಎಷ್ಟೋ ಕವಚಗಳ ಅಂಚನ್ನು ಹಾಳುಮಾಡಿದೆ. ಮೂಲ ಫ್ಯಾಮಿಕಾಮ್‌ನ ಎರಡೂ ಕೈಪಿಡಿಗಳ ತಂತಿಗಳು ಒಳಗಿನ ಬೋರ್ಡಿಗೆ ಸೇರಿಕೊಂಡಿರುವುದರಿಂದ ಮುಚ್ಚಳವನ್ನು ಥಟ್ಟನೆ ಎತ್ತಬಾರದು.

ಬೆಸೆಯುವ ವಿಧಾನ

ಈ ಕವಚಗಳು ಸಾಮಾನ್ಯವಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು. ಅದು ಅಸಿಟೋನಿನಲ್ಲಿ ಕರಗುತ್ತದೆ. ಉಪಯೋಗಕ್ಕೆ ಬಾರದ ಎಬಿಎಸ್ ತುಣುಕುಗಳನ್ನು ಅಸಿಟೋನಿನಲ್ಲಿ ನೆನೆಸಿದರೆ ದೊರೆಯುವ ಗಂಜಿಯಂತಹ ದ್ರವವು ಬಿರುಕಿನ ಎರಡೂ ಬದಿಗಳನ್ನು ಕರಗಿಸಿ ಒಂದಾಗಿಸುತ್ತದೆ. ಇದನ್ನು ಒಳಮೈಗೆ ಮಾತ್ರ ಹಚ್ಚಬೇಕು. ಹೊರಮೈಗೆ ತಗುಲಿದರೆ ಹೊಳಪು ಮಾಸಿ ಕಲೆ ಉಳಿಯುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅಡುಗೆಮನೆಯಲ್ಲಿ ಈ ಕೆಲಸ ಸಲ್ಲದು. ಫೆವಿಕ್ವಿಕ್ ಬೇಗ ಹಿಡಿಯುತ್ತದಾದರೂ ಸುತ್ತ ಬಿಳಿ ಪೊರೆ ಬಿಡುತ್ತದೆ, ಪೆಟ್ಟು ಬಿದ್ದರೆ ಮತ್ತೆ ಬಿಡುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಸ್ಕ್ರೂ ಕೂರುವ ಟೊಳ್ಳು ಕಂಬ. ಅದು ಸೀಳಿದಾಗ ಕಂಬದ ಸುತ್ತ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ತೊಡಿಸಿ, ನಡುವೆ ಅರಾಲ್ಡೈಟ್ ತುಂಬಿ, ಒಂದು ದಿನ ಅಲುಗಿಸದೆ ಬಿಡಬೇಕು. ಅಂಟು ರಂಧ್ರದೊಳಗೆ ಇಳಿಯಬಾರದು. ಮರಳಿ ಜೋಡಿಸುವಾಗ ಸ್ಕ್ರೂವನ್ನು ಮೊದಲು ಹಿಂದಕ್ಕೆ, ಅಂದರೆ ಎಡಕ್ಕೆ, ನಿಧಾನವಾಗಿ ತಿರುಗಿಸಬೇಕು. 'ಟಕ್' ಎಂದು ಹಳೆಯ ಎಳೆಯಲ್ಲಿ ಕುಳಿತ ಮೇಲೆ ಬಲಕ್ಕೆ ತಿರುಗಿಸಿದರೆ ಹೊಸ ಎಳೆ ಕೊರೆಯುವುದಿಲ್ಲ, ಕಂಬವೂ ಸೀಳುವುದಿಲ್ಲ. ಅತಿಯಾಗಿ ಬಿಗಿಯುವುದೂ ಬೇಡ.

ಹಳದಿ ಬಣ್ಣ

ಬಿಸಿಲು ಮತ್ತು ಶಾಖದಿಂದ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟರೆ ಬಣ್ಣ ತಿಳಿಯಾಗುತ್ತದೆ. ಕ್ರೀಮ್ ಒಣಗಿದಲ್ಲಿ ಪಟ್ಟೆಗಳು ಮೂಡುತ್ತವೆ. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಕಾಲಾನಂತರದಲ್ಲಿ ಹಳದಿ ಮರಳಿ ಬರುವುದೂ ಉಂಟು. ಯಂತ್ರವು ಕೇವಲ ಹಳದಿಯಾಗಿದ್ದು ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡುವುದು ಮೇಲು.

ಹೊಸ ಕವಚ ತೊಡಿಸಿದವರು ಹಳೆಯದನ್ನು ಎಸೆಯಬಾರದು. ಅದರ ಹಿಂಬದಿಯ ಚೀಟಿಯಲ್ಲಿ ಯಂತ್ರದ ಮಾದರಿ ಸಂಖ್ಯೆ ಮತ್ತು ಅಡಾಪ್ಟರಿನ ವೋಲ್ಟೇಜು ಮುದ್ರಿತವಾಗಿರುತ್ತವೆ.